ಇರುಳಿಲ್ಲದ ನಾಡಿಗೆ

ನಮ್ಮ ಹಿರಿಯರು ಕಾಶೀಯಾತ್ರೆಗೆ ಹೊರಡುವಾಗ ನಡೆಸುತ್ತಿದ್ದ ಸಿದ್ಧತೆಯನ್ನು ಕುರಿತು ಮನೆಮನೆಗಳಲ್ಲಿಯೂ ಕಥೆಗಳುಂಟು. ಸಾಲವನ್ನು ತೀರಿಸುವುದು, ನಿಂತಿದ್ದ ಮದುವೆ ಮುಂಜಿಗಳನ್ನು ಮುಗಿಸುವುದು, ಹೊಲಮನೆಗಳ ಪತ್ರಗಳನ್ನು ನಂಬಿಗಸ್ತರ ವಶಕ್ಕೆ ಕೊಡುವುದು, ನೆಂಟರಿಷ್ಟರಿಗೆ ಊಟವಿಕ್ಕಿ ಅವರ ಅಪ್ಪಣೆಯನ್ನು ಬೇಡುವುದು. ಇಷ್ಟೆಲ್ಲ ಆದ ಮೇಲೆಯೇ ಹೊಸ್ತಿಲನ್ನು ದಾಟುವುದು. ಹೋದವರು ಹಿಂದಿರುಗುವರೆಂಬ ಭರವಸೆಯಿಲ್ಲದ ಕಾಲ ಅದು. ಈಗ ಬೆಂಗಳೂರಿನಲ್ಲಿ ವಿಮಾನವನ್ನೇರಿದವರು ಮರುದಿನ ಯೂರೋಪು ಖಂಡದಲ್ಲಿ ಕಾಫಿ ಕುಡಿಯುವರು. ಆದರೂ ದೂರದ ಪಯಣಕ್ಕೆ ಸಿದ್ಧರಾಗುವುದರಲ್ಲಿ ಹಳೆಯ ಗುಣವೊಂದು ಹಾಗೆಯೇ ಉಳಿದಿದೆ: ಮನೆಯೊಳಗಿನ ಲೆಕ್ಕಗಳೆಲ್ಲವೂ ಹೊರಕ್ಕೆ ಬರುವುವು. ಹಣದ ಲೆಕ್ಕ ಮೊದಲು ಬರುವುದು. ದೇಹಬಲದ ಲೆಕ್ಕ ಅದರ ಹಿಂದೆ. ಇಷ್ಟು ವರ್ಷ ಕೂಡಿ ಬಾಳಿದವರು ಒಬ್ಬರನ್ನೊಬ್ಬರು ಎಷ್ಟು ಅರಿತಿರುವರೆಂಬ ಲೆಕ್ಕ ಎಲ್ಲಕ್ಕೂ ಕೊನೆಗೆ.

ಬರುವ ಜೂನ್ ತಿಂಗಳಿನಲ್ಲಿ ನಾವು ನಾರ್ವೆ ದೇಶಕ್ಕೆ ಹೋಗಿ, ಅಲ್ಲಿ ಒಂದು ಕಾರನ್ನು ಬಾಡಿಗೆಗೆ ಹಿಡಿದು, ನಾಲ್ಕು ವಾರಗಳ ಕಾಲ ಉತ್ತರ ದಿಕ್ಕಿನ ದಾರಿಯಲ್ಲಿ ಸಂಚರಿಸಬೇಕೆಂದು ನಿಶ್ಚಯಿಸಿರುವೆವು. ಈ ಬರಹದಲ್ಲಿ 'ನಾವು' ಎಂದರೆ ಮೈಸೂರಿನಲ್ಲಿ ವಾಸವಾಗಿರುವ ಗಂಡಹೆಂಡಿರಿಬ್ಬರು. ಬೇರೆಬೇರೆಯಾಗಿ ಹೇಳಬೇಕಾದ ಕಡೆಗಳಲ್ಲಿ ಒಬ್ಬರನ್ನು ಯಜಮಾನರೆಂದೂ ಮತ್ತೊಬ್ಬರನ್ನು ಗೃಹಿಣಿಯೆಂದೂ ಕರೆಯುವೆವು. ಯಜಮಾನಿಕೆ ನಿಜವಾಗಿ ಯಾರದೆಂಬುದನ್ನು ವಾಚಕರು ಮುಂದೆ ತಾವೇ ನಿರ್ಣಯಿಸಬಹುದು.

ಇಷ್ಟು ದೇಶಗಳಿರುವಾಗ ನಾರ್ವೆಯೇ ಏಕೆಂದು ನೆಂಟರು ಕೇಳಿದರು. ಬದರಿ ಕೇದಾರಗಳನ್ನು ನೆನಪಿಸಿದವರೂ ಉಂಟು. ಯಜಮಾನರು ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಭೂಗೋಳವನ್ನು ಬೋಧಿಸಿದವರು. ಭೂಮಿಯ ಅಕ್ಷ ಇಪ್ಪತ್ತಮೂರೂವರೆ ಡಿಗ್ರಿಗಳಷ್ಟು ವಾಲಿರುವುದರಿಂದ, ಉತ್ತರ ಧ್ರುವವೃತ್ತಕ್ಕೆ ಮೇಲಿರುವ ನಾಡುಗಳಲ್ಲಿ ಬೇಸಿಗೆಯ ಕೆಲವು ದಿನ ಸೂರ್ಯನು ಮುಳುಗುವುದೇ ಇಲ್ಲವೆಂದು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟರು. ಗೋಲವನ್ನು ಮೇಜಿನ ಮೇಲಿಟ್ಟು, ದೀಪವನ್ನು ಪಕ್ಕದಲ್ಲಿ ಹಚ್ಚಿ ತೋರಿಸಿದರು. ಒಮ್ಮೆ ಒಬ್ಬ ಹುಡುಗ ಎದ್ದು ನಿಂತು, "ಮೇಷ್ಟ್ರೆ, ತಾವು ನೋಡಿದ್ದೀರಾ?" ಎಂದು ಕೇಳಿದನಂತೆ. ಮೇಷ್ಟರು "ಇಲ್ಲ" ಎಂದರು. ಆ 'ಇಲ್ಲ' ಅಂದಿನಿಂದ ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಗೃಹಿಣಿಯವರದು ಬೇರೆಯ ಕಾರಣ. ಅವರು ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಊರೂರಿನ ಕಾಗದಗಳನ್ನು ಎಲ್ಲೆಲ್ಲಿಗೋ ಕಳುಹಿಸುತ್ತಲೇ ವಯಸ್ಸು ಕಳೆಯಿತು. ಇನ್ನಾದರೂ ಆ ಎಲ್ಲೆಲ್ಲಿಗೋ ಒಮ್ಮೆ ತಾವೇ ಹೋಗಿ ಬರಬೇಕೆಂಬುದು ಅವರ ಆಸೆ.

ಇವೆರಡರ ಹಿಂದೆ ಮತ್ತೊಂದು ಕಾರಣವುಂಟು, ಅದೇ ಮುಖ್ಯವಾದುದು. ನಾಲ್ಕು ವರ್ಷಗಳ ಹಿಂದೆ ಯಜಮಾನರ ಕಣ್ಣಿಗೆ ಗ್ಲಾಕೋಮಾ ಎಂಬ ರೋಗ ತಗುಲಿರುವುದು ಕಂಡುಬಂದಿತು. ಇದು ನೋವಿಲ್ಲದೆ ಬರುವ ರೋಗ. ಬಹುಮಟ್ಟಿಗೆ ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವು ಸವೆಯುತ್ತದೆ. ಮೊದಲು ಅಂಚಿನ ನೋಟ ಮಸುಳುತ್ತದೆ; ಹೋದುದು ಹಿಂದಕ್ಕೆ ಬರುವುದಿಲ್ಲ; ಉಳಿದುದನ್ನು ಕಾಪಾಡಿಕೊಳ್ಳುವುದಷ್ಟೇ ಔಷಧದ ಕೆಲಸ. ದಿನವೂ ರಾತ್ರಿ ಒಂದೊಂದು ಕಣ್ಣಿಗೆ ಒಂದೊಂದು ತೊಟ್ಟು ಔಷಧ, ಆರು ತಿಂಗಳಿಗೊಮ್ಮೆ ಪರೀಕ್ಷೆ. ಹಗಲಿನಲ್ಲಿ ಪರಿಚಿತವಾದ ದಾರಿಯಲ್ಲಿ ಕಾರು ನಡೆಸಬಹುದು, ಕತ್ತಲಾದ ಮೇಲೆ ಕೂಡದು, ಎಂಬುದು ನೇತ್ರವೈದ್ಯರ ಅಪ್ಪಣೆ. ಅಂದಿನಿಂದ ನಮ್ಮ ಮನೆಯ ಪ್ರವಾಸಗಳೆಲ್ಲ ಸಂಜೆ ಐದು ಗಂಟೆಗೆ ಮುಗಿಯತೊಡಗಿದುವು.

ಕತ್ತಲೆಯೇ ಬಾರದ ನಾಡಿನಲ್ಲಿ ಈ ಅಪ್ಪಣೆ ಏನು ಮಾಡೀತು! ಯಜಮಾನರಿಗೆ ಈ ಯೋಚನೆ ಹೊಳೆದ ದಿನ ಅವರು ಹುಡುಗನಂತೆ ಹಿಗ್ಗಿದುದನ್ನು ಗೃಹಿಣಿಯವರು ಇಂದಿಗೂ ಹೇಳುವರು. ನಾರ್ವೆಯ ಉತ್ತರದ ತುದಿಯಲ್ಲಿ ನೂರ್‌ಕಾಪ್ ಎಂಬ ಭೂಶಿರವಿದೆ. ಅದು 71 ಡಿಗ್ರಿ ಅಕ್ಷಾಂಶಕ್ಕೂ ಮೇಲಿದೆ. ನಮ್ಮ ಮೈಸೂರು ಇರುವುದು 12ರಲ್ಲಿ. ಅಲ್ಲಿ ಮೇ ನಡುವಿನಿಂದ ಜುಲೈ ಕೊನೆಯವರೆಗೆ ಸೂರ್ಯನು ದಿಗಂತಕ್ಕೆ ಇಳಿಯುವುದೇ ಇಲ್ಲ. ಓಸ್ಲೋ ನಗರದಿಂದ ಅಲ್ಲಿಗೆ ಹೋಗಿ ಬರುವುದೆಂದರೆ ನಾಲ್ಕು ಸಾವಿರ ಕಿಲೋಮೀಟರಿಗೂ ಮೇಲಾಗುವುದು. ಯಜಮಾನರು ಒಂದು ದೊಡ್ಡ ನಕ್ಷೆಯನ್ನು ತರಿಸಿ, ಊಟದ ಮೇಜಿನ ಮೇಲೆ ಹಾಸಿ, ಹದಿನೆಂಟು ದಿನಗಳ ಯೋಜನೆಯನ್ನು ಕೆಂಪು ಮಸಿಯಲ್ಲಿ ಬರೆದರು. ಪಾಠದ ಟಿಪ್ಪಣಿಯಂತೆ ಬಲು ಅಚ್ಚುಕಟ್ಟಾಗಿದ್ದಿತು. ದಿನಕ್ಕೆ ಆರು ಗಂಟೆಗಳ ಓಟ, ಕೆಲವು ದಿನ ಎಂಟು.

ಗೃಹಿಣಿಯವರು ಅದನ್ನು ಓದಿ ಏನನ್ನೂ ಹೇಳಲಿಲ್ಲ. ತಮ್ಮದೇ ಒಂದು ಪುಸ್ತಕವನ್ನು ತೆರೆದು, ಇಲಾಖೆಯಲ್ಲಿ ಕಲಿತ ಪದ್ಧತಿಯಂತೆ ಗೆರೆ ಎಳೆದು, ಪ್ರಶ್ನೆಗಳನ್ನು ಬರೆಯುತ್ತ ಹೋದರು. ದಾರಿಯಲ್ಲಿ ಎಷ್ಟು ಹೊತ್ತಿಗೊಮ್ಮೆ ಇಳಿದು ಕಾಲಾಡಿಸುವುದು? ಅಡಿಗೆ ಎಲ್ಲಿ? ಬಟ್ಟೆ ಒಗೆಯುವುದು ಯಾವ ದಿನ? ಒಬ್ಬರಿಗೆ ಜ್ವರ ಬಂದರೆ ಆ ದಿನದ ಓಟವನ್ನು ಯಾವ ದಿನಕ್ಕೆ ಹಚ್ಚುವುದು? ಯಜಮಾನರ ಯೋಜನೆಯಲ್ಲಿ ಊರುಗಳಿದ್ದುವು. ಇವರ ಪುಸ್ತಕದಲ್ಲಿ ದಿನಗಳಿದ್ದುವು. ಇವೆರಡೂ ಸೇರದ ಹೊರತು ಪ್ರವಾಸವಿಲ್ಲವೆಂದು ನಮಗೆ ಆಗಲೇ ತೋರತೊಡಗಿತು.

ಅಷ್ಟರಲ್ಲಿ ಒಂದು ಸಂಗತಿ ನಡೆಯಿತು. ಕಳೆದ ಸೆಪ್ಟೆಂಬರಿನಲ್ಲಿ ನಾವು ಗುರುವಾಯೂರಿಗೆ ಹೋದೆವು. ಪಾಲಕ್ಕಾಡಿನಿಂದ ತ್ರಿಶೂರಿಗೆ ಹೋಗುವ ಹೆದ್ದಾರಿಯಲ್ಲಿ ಕುತಿರಾನ್ ಎಂಬ ಗುಡ್ಡವನ್ನು ಕೊರೆದು ಮಾಡಿರುವ ಸುರಂಗವಿದೆ. ಅದರ ಮೊದಲ ಕೊಳವೆ 2021ರಲ್ಲಿ ತೆರೆಯಿತು. ಉದ್ದ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಮೆ. ನಡುಹಗಲಿನ ಉರಿಬಿಸಿಲು. ಯಜಮಾನರು ಕಾರು ನಡೆಸುತ್ತಿದ್ದರು. ಸುರಂಗದ ಬಾಯನ್ನು ಹೊಕ್ಕೊಡನೆ ಅವರು, "ನನಗೇನೂ ಕಾಣಿಸುತ್ತಿಲ್ಲ" ಎಂದರು. ದನಿಯಲ್ಲಿ ಗಾಬರಿಯಿರಲಿಲ್ಲ, ಅದೇ ಹೆಚ್ಚು ಗಾಬರಿಯನ್ನುಂಟುಮಾಡಿತು. ಗೃಹಿಣಿಯವರು, "ನೇರವಾಗಿಯೇ ಇದೆ, ಹಾಗೆಯೇ ನಿಧಾನವಾಗಿ ಬಿಡಿ, ಮುಂದಿನ ಲಾರಿ ದೂರದಲ್ಲಿದೆ, ಎಡಕ್ಕೆ ಜಾಗವಿದೆ" ಎಂದು ಒಂದೇ ಸಮನೆ ಹೇಳುತ್ತ ಹೋದರು. ನಾಲ್ಕೈದು ನಿಮಿಷವೆಂದು ತೋರಿದರೂ ನಾಲ್ಕೈದು ಕ್ಷಣಗಳೇ ಇದ್ದಿರಬೇಕು. ಬಳಿಕ ದೀಪಗಳ ಸಾಲು ಕಣ್ಣಿಗೆ ಬಿದ್ದಿತು. ಆಚೆಯ ಬದಿಯಲ್ಲಿ ಕಾರನ್ನು ನಿಲ್ಲಿಸಿ, ನೀರು ಕುಡಿದು, ಸ್ಥಳ ಬದಲಾಯಿಸಿ ಕುಳಿತೆವು. ಗುರುವಾಯೂರನ್ನು ತಲಪುವವರೆಗೆ ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಊರಿಗೆ ಹಿಂದಿರುಗಿದ ಮೇಲೆ ವೈದ್ಯರನ್ನು ಕಂಡೆವು. ಬೆಳಕಿನಿಂದ ಕತ್ತಲೆಗೆ, ಕತ್ತಲೆಯಿಂದ ಬೆಳಕಿಗೆ ಹೊಂದಿಕೊಳ್ಳುವುದು ಈ ರೋಗವುಳ್ಳ ಕಣ್ಣಿಗೆ ನಿಧಾನವೆಂದು ಅವರು ವಿವರಿಸಿದರು. ಪ್ರಖರವಾದ ಬೆಳಕು ಎದುರಿಗೆ ಬಡಿದರೂ ತೊಂದರೆಯೇ. ನಾವು ನಾರ್ವೆಯ ಮಾತನ್ನು ಎತ್ತಿದೆವು. ಅವರು ನಕ್ಷೆಯನ್ನು ನೋಡದೆಯೇ, "ಅಲ್ಲಿ ಬೆಟ್ಟಗಳು ಹೆಚ್ಚಲ್ಲವೆ?" ಎಂದು ಕೇಳಿದರು.

ಬೆಟ್ಟಗಳು ಹೆಚ್ಚು, ಬೆಟ್ಟಗಳಿದ್ದಲ್ಲಿ ಸುರಂಗಗಳು. ನಾರ್ವೆಯ ರಸ್ತೆಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟು ಸುರಂಗಗಳಿರುವುವು. ಪಶ್ಚಿಮದ ಲಾರ್ಡಾಲ್ ಎಂಬಲ್ಲಿ 2000ದಲ್ಲಿ ತೆರೆದ ಸುರಂಗ ಇಪ್ಪತ್ತನಾಲ್ಕೂವರೆ ಕಿಲೋಮೀಟರು ಉದ್ದ. ದಾರಿಹೋಕರ ಬೇಸರವನ್ನು ಕಳೆಯುವುದಕ್ಕಾಗಿ ಅದರೊಳಗೆ ಅಲ್ಲಲ್ಲಿ ಬಣ್ಣದ ದೀಪಗಳುಳ್ಳ ದೊಡ್ಡ ಗವಿಗಳನ್ನೇ ತೋಡಿರುವರು. ನೂರ್‌ಕಾಪ್ ಇರುವುದು ಒಂದು ದ್ವೀಪದಲ್ಲಿ. 1999ರಿಂದ ಅಲ್ಲಿಗೆ ದಾರಿಯೆಂದರೆ ಕಡಲಿನ ತಳದಲ್ಲಿ ಕೊರೆದ ಸುಮಾರು ಏಳು ಕಿಲೋಮೀಟರಿನ ಸುರಂಗ. ಅದು ನೀರಿನ ಮಟ್ಟಕ್ಕಿಂತ 212 ಮೀಟರು ಕೆಳಕ್ಕೆ ಇಳಿದು ಮತ್ತೆ ಏರುವುದು. ನಡುರಾತ್ರಿಯ ಸೂರ್ಯನಾದರೂ ತಲೆಯ ಮೇಲಿರುವವನಲ್ಲ. ದಿಗಂತಕ್ಕೆ ಅಂಟಿಕೊಂಡು ನೇರವಾಗಿ ಕಣ್ಣಿಗೆ ಹೊಡೆಯುವನು. ಇರುಳಿಲ್ಲವೆಂದು ನಾವು ಆರಿಸಿಕೊಂಡ ನಾಡಿನಲ್ಲಿ ಇರುಳು ನೆಲದೊಳಗೆ ಅಡಗಿ ಕುಳಿತಿದ್ದಿತು. ಅಪರಿಚಿತವಾದ ದೇಶದಲ್ಲಿ, ಅಭ್ಯಾಸವಿಲ್ಲದ ಬದಿಯಲ್ಲಿ, ಯಜಮಾನರು ಕಾರು ನಡೆಸಲಾಗದೆಂದು ವೈದ್ಯರು ಖಂಡಿತವಾಗಿ ಹೇಳಿದರು.

ಯಜಮಾನರು ನಕ್ಷೆಯನ್ನು ಮಡಿಸಿ ಬೀರುವಿನ ಮೇಲಿಟ್ಟರು. ಒಂದು ವಾರ ಅದರ ಮಾತಿಲ್ಲ. ನಲವತ್ತು ವರ್ಷ ಮನೆಯ ಬಂಡಿಯನ್ನು ಎಳೆದವರಿಗೆ ಚಕ್ರವನ್ನು ಬಿಡುವುದೆಂದರೆ ಬರಿಯ ಕಾರಿನ ವಿಷಯವಲ್ಲ. ಇಂದು ಸುರಂಗ, ನಾಳೆ ಯಾವುದು, ಎಂಬ ಪ್ರಶ್ನೆ ಅದರ ಹಿಂದೆ ನಿಂತಿರುವುದು. ಅದನ್ನು ಬಾಯಿಬಿಟ್ಟು ಹೇಳಲು ಅವರಿಂದಾಗಲಿಲ್ಲ, ಕೇಳಲು ಗೃಹಿಣಿಯವರಿಂದಾಗಲಿಲ್ಲ. ಮಾತು ಹೊರಬಿದ್ದಾಗ ಮೂರು ದಾರಿಗಳು ತೋರಿದುವು. ಪ್ರವಾಸವನ್ನೇ ಕೈಬಿಡುವುದು ಒಂದು. ಹತ್ತು ದಿನಗಳಲ್ಲಿ ಐದು ದೇಶಗಳನ್ನು ತೋರಿಸುವ ಸಂಸ್ಥೆಗಳ ಬಸ್ಸನ್ನೇರುವುದು ಎರಡು. ಗೃಹಿಣಿಯವರೇ ಕಾರು ನಡೆಸುವುದು ಮೂರು.

ಮೂರನೆಯದನ್ನು ಕೇಳಿದೊಡನೆ ಗೃಹಿಣಿಯವರು, "ನನ್ನಿಂದಾಗದು" ಎಂದುಬಿಟ್ಟರು. ಅವರು ಕಾರು ಕಲಿತುದು ನಲವತ್ತೆಂಟನೆಯ ವಯಸ್ಸಿನಲ್ಲಿ, ಈಗ ಅರವತ್ತೊಂದು. ದೇವರಾಜ ಮಾರುಕಟ್ಟೆಯ ಸುತ್ತ, ನಂಜನಗೂಡಿನ ದೇವಸ್ಥಾನದವರೆಗೆ, ಮಳೆಯಿಲ್ಲದ ದಿನ: ಇಷ್ಟೇ ಅವರ ಸಂಚಾರ. ದೂರದ ದಾರಿಯಲ್ಲಿ ಯಜಮಾನರ ಪಕ್ಕದಲ್ಲಿ ಕುಳಿತು ಕಿತ್ತಿಳೆ ಸುಲಿದುಕೊಡುವುದೇ ತಮ್ಮ ಪಾಲಿನ ಕೆಲಸವೆಂದು ಅವರು ತಿಳಿದಿದ್ದರು. ಯಜಮಾನರೂ ಬಲವಂತಪಡಿಸಲಿಲ್ಲ. "ನಿನಗೆ ಇಷ್ಟವಿಲ್ಲದಿದ್ದರೆ ಬೇಡ. ಗೋಲ ಮನೆಯಲ್ಲಿಯೇ ಇದೆ" ಎಂದರು.

ಈ ಗೋಲದ ಮಾತೇ ಗೃಹಿಣಿಯವರ ನಿದ್ರೆಯನ್ನು ಕೆಡಿಸಿದುದು. ಎಂಟನೆಯ ದಿನ ಸಂಜೆ ಅವರೇ ನಕ್ಷೆಯನ್ನು ತೆಗೆದು ಹಾಸಿ ಹೀಗೆಂದರು: "ನೀವು ಹೊರಟಿರುವುದು ಓಡಿಸುವುದಕ್ಕೋ, ನೋಡುವುದಕ್ಕೋ? ಓಡಿಸುವವರು ನೋಡುವುದು ರಸ್ತೆಯನ್ನು. ಪಕ್ಕದಲ್ಲಿ ಕುಳಿತವರು ನೋಡುವುದು ನಾಡನ್ನು. ಇಷ್ಟು ವರ್ಷ ನಾನು ನೋಡಿ ನಿಮಗೆ ಹೇಳಿದೆ. ಇನ್ನು ನೀವು ನೋಡಿ ನನಗೆ ಹೇಳಿ. ಆದರೆ ದಾರಿ ಎಷ್ಟುದ್ದವಿರಬೇಕೆಂಬುದನ್ನು ನಿರ್ಣಯಿಸುವವಳು ನಾನು." ಯಜಮಾನರು ಒಡನೆಯೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಂಪು ಮಸಿಯ ಲೇಖನಿಯನ್ನು ಅವರ ಕಡೆಗೆ ಸರಿಸಿದರು.

ಅಲ್ಲಿಂದ ಮುಂದೆ ನಮ್ಮ ಸಿದ್ಧತೆ ಬೇರೆಯ ಬಗೆಯದಾಯಿತು. ನೂರ್‌ಕಾಪನ್ನು ಬಿಟ್ಟೆವು. ನಡುರಾತ್ರಿಯ ಸೂರ್ಯನಿಗಾಗಿ ಭೂಮಿಯ ತುದಿಗೇ ಹೋಗಬೇಕಾಗಿಲ್ಲ; ಧ್ರುವವೃತ್ತವನ್ನು ದಾಟಿದರೆ ಸಾಕೆಂಬುದು ಯಜಮಾನರೇ ಬೋಧಿಸಿದ ಪಾಠ. ಆದುದರಿಂದ ಲೋಫೋಟೆನ್ ಎಂಬ ದ್ವೀಪಮಾಲೆಯನ್ನು ಗುರಿಯಾಗಿಟ್ಟುಕೊಂಡೆವು. ಅಲ್ಲಿ ಮೇ ತಿಂಗಳ ಕೊನೆಯಿಂದ ಜುಲೈ ನಡುವಿನವರೆಗೆ ಸೂರ್ಯನು ಮುಳುಗುವುದಿಲ್ಲ. ಒಟ್ಟು ದಾರಿ ಸುಮಾರು ಮೂರು ಸಾವಿರ ಕಿಲೋಮೀಟರು, ದಿನಗಳು ಇಪ್ಪತ್ತೆಂಟು. ದಿನಕ್ಕೆ ನಾಲ್ಕು ಗಂಟೆಗೆ ಮೀರಿ ಓಟವಿಲ್ಲ. ವಾರದಲ್ಲಿ ಮೂರು ದಿನ ಕಾರನ್ನು ಮುಟ್ಟುವುದೇ ಇಲ್ಲ. ಈ ದಾರಿಯಲ್ಲಿಯೂ ಸುರಂಗಗಳುಂಟು, ಆದರೆ ಪಶ್ಚಿಮದ ಕಣಿವೆಗಳಷ್ಟು ದೀರ್ಘವಾದುವಲ್ಲ. ಅವನ್ನು ದಾಟಿಸುವ ಕಣ್ಣೂ ಬೇರೆ.

ದಾರಿಯ ಕ್ರಮವನ್ನು ಸಂಗ್ರಹವಾಗಿ ಹೇಳುವೆವು. ಓಸ್ಲೋ ನಗರದಲ್ಲಿ ಮೊದಲ ಮೂರು ದಿನ ಕಾರಿಲ್ಲ; ನಡಿಗೆ ಮತ್ತು ಟ್ರಾಮು. ಅಲ್ಲಿನ ವಿಮಾನ ನಿಲ್ದಾಣ ನಗರದಿಂದ ಐವತ್ತು ಕಿಲೋಮೀಟರಿನಷ್ಟು ಉತ್ತರಕ್ಕೆ, ನಾವು ಹಿಡಿಯಬೇಕಾದ ಇ-6 ಎಂಬ ಹೆದ್ದಾರಿಯ ಸಮೀಪದಲ್ಲಿದೆ. ರೈಲಿನಲ್ಲಿ ಅಲ್ಲಿಗೆ ಹಿಂದಿರುಗಿ ಕಾರನ್ನು ಪಡೆದರೆ ನಗರದ ದಟ್ಟಣೆಯನ್ನು ಹೊಗದೆಯೇ ಹೊರಡಬಹುದು. ಈ ಉಪಾಯ ಗೃಹಿಣಿಯವರದು. ಮೊದಲ ದಿನ ಮ್ಯೋಸಾ ಎಂಬ ದೊಡ್ಡ ಸರೋವರದ ದಂಡೆಯಲ್ಲಿ ಸುಮಾರು 140 ಕಿಲೋಮೀಟರು ಮಾತ್ರ ಸಾಗಿ ಲಿಲ್ಲೆಹಾಮರ್ ಊರಿನಲ್ಲಿ ತಂಗುವೆವು. 1994ರ ಚಳಿಗಾಲದ ಒಲಿಂಪಿಕ್ಸ್ ನಡೆದುದು ಇಲ್ಲಿಯೇ. ಹಲ್ಲಿನ ವೈದ್ಯರೊಬ್ಬರು ಸುತ್ತಣ ಹಳ್ಳಿಗಳ ಹಳೆಯ ಮರದ ಮನೆಗಳನ್ನು ಕೊಂಡು, ಬಿಚ್ಚಿ ತಂದು, ಮತ್ತೆ ಕಟ್ಟಿಸಿದ ಮೈಹೌಗೆನ್ ಎಂಬ ಬಯಲು ವಸ್ತುಸಂಗ್ರಹಾಲಯ 1904ರಿಂದ ಇಲ್ಲಿದೆ. ನಾರ್ವೆಯ ಅಂಚೆಯ ವಸ್ತುಸಂಗ್ರಹವೂ ಅದರೊಳಗೇ ಇರುವುದೆಂದು ತಿಳಿದಾಗ ಗೃಹಿಣಿಯವರು ಒಂದು ಪೂರ್ಣ ದಿನವನ್ನು ಅದಕ್ಕೆ ಬರೆದುಕೊಂಡರು. ಅಲ್ಲಿಂದ ಕಸ್ತೂರಿ ಎತ್ತುಗಳು ಮೇಯುವ ದೋವ್ರೆ ಪರ್ವತದ ಬಯಲನ್ನು ದಾಟಿದರೆ ಟ್ರೋಂಡ್‌ಹೈಮ್. ಸಂತ ಓಲಾವನ ಸಮಾಧಿಯ ಮೇಲೆ ಕಟ್ಟಿದ ಮಹಾದೇವಾಲಯವುಳ್ಳ ಊರು. ಯೂರೋಪಿನವರು ಬಹು ಹಿಂದಿನಿಂದ ಕಾಲುನಡಿಗೆಯಲ್ಲಿ ಈ ಕ್ಷೇತ್ರಕ್ಕೆ ಯಾತ್ರೆ ಬರುವರು. ಉತ್ತರದ ಕರಾವಳಿಗೆ ಅಂಚೆಯನ್ನು ಹೊತ್ತ ಶೀಘ್ರ ಹಡಗು 1893ರ ಜುಲೈ ತಿಂಗಳಿನಲ್ಲಿ ಮೊದಲು ಹೊರಟುದೂ ಇಲ್ಲಿಂದಲೇ. ಅದಕ್ಕೆ ಮುಂಚೆ ಚಳಿಗಾಲದಲ್ಲಿ ಒಂದು ಕಾಗದ ಹೋಗಿ ಮುಟ್ಟಲು ತಿಂಗಳುಗಳೇ ಹಿಡಿಯುತ್ತಿದ್ದುವಂತೆ.

ಟ್ರೋಂಡ್‌ಹೈಮಿನಿಂದ ಬೋಡೋ ಎಂಬ ರೇವಿಗೆ ಸುಮಾರು ಏಳು ನೂರು ಕಿಲೋಮೀಟರು. ಇದನ್ನು ಐದು ದಿನಗಳಿಗೆ ಹಂಚಿರುವೆವು. ನಡುವೆ ಸಾಲ್ಟ್‌ಫಿಯೆಲ್ ಎಂಬ ಬೋಳುಬೆಟ್ಟದ ಮೇಲೆ ರಸ್ತೆ ಧ್ರುವವೃತ್ತವನ್ನು ದಾಟುವುದು. ಗೋಲದ ಮೇಲೆ ಚುಕ್ಕಿಗಳಿಂದ ಬರೆದ ಗೆರೆಯ ಮೇಲೆ ಯಜಮಾನರು ನಿಲ್ಲುವ ದಿನ ಅದು. ಅಂದು ಮುಂದಕ್ಕೆ ಓಟವಿಲ್ಲವೆಂದು ಪುಸ್ತಕದಲ್ಲಿ ಬರೆದಿದೆ. ಬೋಡೋದಿಂದ ಕಾರುಸಮೇತ ಹಡಗನ್ನೇರಿ ಮೂರು ನಾಲ್ಕು ಗಂಟೆ ಕಡಲಿನಲ್ಲಿ ಹೋದರೆ ಮೋಸ್ಕೆನೆಸ್. ಅಲ್ಲಿಂದ ಐದಾರು ಕಿಲೋಮೀಟರು ಹೋದರೆ ರಸ್ತೆ ಮುಗಿಯುವುದು. ರಸ್ತೆ ಮುಗಿಯುವ ಆ ಮೀನುಗಾರರ ಹಳ್ಳಿಯ ಹೆಸರು ಒಂದೇ ಅಕ್ಷರ: ಓ. ನಾರ್ವೆಯವರ ವರ್ಣಮಾಲೆಯ ಕೊನೆಯ ಅಕ್ಷರವೇ ಅದು. ಅರ್ಥ ಹೊಳೆ, ತೊರೆ ಎಂದು. ಕರೆದಾಗ 'ಓ' ಎಂದು ಉತ್ತರ ಕೊಡುವ ಭಾಷೆಯವರಾದ ನಮಗೆ ಆ ಹೆಸರು ಬಲು ಹಿಡಿಸಿತು. ಅಲ್ಲಿ ಆರು ದಿನ ಒಂದು ಮರದ ಕುಟೀರದಲ್ಲಿ ಇರುವೆವು. ಚಳಿಗಾಲದಲ್ಲಿ ಹಿಡಿದ ಕಾಡ್ ಮೀನನ್ನು ಉಪ್ಪನ್ನೂ ಸೋಕಿಸದೆ ಮರದ ಅಟ್ಟಗಳ ಮೇಲೆ ತೂಗುಹಾಕಿ ಗಾಳಿಯಲ್ಲಿ ಒಣಗಿಸುವುದು ಆ ನಾಡಿನ ಹಳೆಯ ಜೀವನೋಪಾಯ. ಶಾಕಾಹಾರಿಗಳಾದ ನಾವು ಗಾಳಿ ಬೀಸುವ ದಿಕ್ಕನ್ನು ನೋಡಿಕೊಂಡು ಕುಟೀರವನ್ನು ಗೊತ್ತುಮಾಡಿದೆವೆಂದು ಹೇಳಿದರೆ ಅಲ್ಲಿಯವರು ಕ್ಷಮಿಸಬೇಕು. ಹಿಂದಿರುಗುವಾಗ ದ್ವೀಪದಿಂದ ದ್ವೀಪಕ್ಕೆ ಸೇತುವೆಗಳನ್ನು ದಾಟಿ ನಾರ್ವಿಕ್ ಮಾರ್ಗವಾಗಿ ಬರುವೆವು.

ಗೃಹಿಣಿಯವರ ಅಭ್ಯಾಸ ಅಕ್ಟೋಬರಿನಿಂದ ನಡೆದಿದೆ. ಭಾನುವಾರ ಬೆಳಗ್ಗೆ ಮಡಿಕೇರಿಯ ತಿರುವುಗಳು, ಒಮ್ಮೆ ಬಂಡೀಪುರದ ಕಾಡು, ಒಮ್ಮೆ ಬೆಂಗಳೂರಿನ ಹೊಸ ಹೆದ್ದಾರಿ. ಮೊದಮೊದಲು ಯಜಮಾನರ ಬಲಗಾಲು ತನಗೆ ತಾನೇ ಇಲ್ಲದ ಬ್ರೇಕನ್ನು ಒತ್ತುತ್ತಿದ್ದಿತು. ಈಗ ಅದು ಸುಮ್ಮನಿರಲು ಕಲಿತಿದೆ. ಸಂಕ್ರಾಂತಿಯಾದ ಮೇಲೆ ಕುತಿರಾನಿಗೇ ಹೋಗಿ, ಸುರಂಗವನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ, ಗೃಹಿಣಿಯವರೇ ದಾಟಿಸಿದರು. ಯಜಮಾನರು ಕಪ್ಪು ಕನ್ನಡಕವನ್ನು ತೆಗೆದು ಕೈಯಲ್ಲಿ ಹಿಡಿದು, ಮೊದಲೇ ದೀಪಗಳನ್ನು ಎಣಿಸತೊಡಗಿದರು.

ಅಲ್ಲಿ ಬಲಬದಿಯಲ್ಲಿ ಸಾಗಬೇಕು. ಇಲ್ಲಿ ನಾವು ವೃತ್ತಗಳನ್ನು ಸುತ್ತುವುದು ಪ್ರದಕ್ಷಿಣೆಯಾಗಿ, ಅಲ್ಲಿ ಅಪ್ರದಕ್ಷಿಣೆ. ಈ ಒಂದು ಸೂತ್ರವನ್ನು ಗೃಹಿಣಿಯವರು ದಿನವೂ ದೇವರ ಮುಂದೆ ನಿಂತಾಗ ನೆನೆಯುತ್ತಿರುವರು. ಅಲ್ಲಿನ ಕಾರುಗಳಲ್ಲಿ ನಡೆಸುವವರ ಆಸನ ಎಡಕ್ಕಿರುವುದರಿಂದ ಹೆಂಡತಿ ವಾಮಭಾಗದಲ್ಲಿಯೇ ಇದ್ದಂತಾಯಿತು. ಸಂಪ್ರದಾಯಕ್ಕೆ ಕೊರತೆಯಿಲ್ಲವೆಂದು ಯಜಮಾನರ ಸಮಾಧಾನ.

ನಮ್ಮಂತೆ ಹೊರಡಬಯಸುವ ಗೃಹಸ್ಥರಿಗೆ ಉಪಯೋಗವಾದೀತೆಂದು ಕೆಲವು ವಿವರಗಳನ್ನು ಇಲ್ಲಿ ಸೇರಿಸುವೆವು. ನಾರ್ವೆ ಯೂರೋಪು ಒಕ್ಕೂಟಕ್ಕೆ ಸೇರಿದ ದೇಶವಲ್ಲದಿದ್ದರೂ ಷೆಂಗೆನ್ ವೀಸಾ ಅಲ್ಲಿಗೂ ಸಲ್ಲುವುದು. ಹೊರಡುವ ದಿನಕ್ಕೆ ಆರು ತಿಂಗಳ ಒಳಗೆ, ಹದಿನೈದು ದಿನ ಮುಂಚಿತವಾಗಿ ಅರ್ಜಿಯನ್ನು ಸಲ್ಲಿಸಬೇಕು. ಬೇಸಿಗೆಯಲ್ಲಿ ನೂಕುನುಗ್ಗಲು ಹೆಚ್ಚಾದುದರಿಂದ ಕೊನೆಯವರೆಗೆ ಕಾಯುವುದು ಜಾಣತನವಲ್ಲ. ಮೂವತ್ತು ಸಾವಿರ ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. ಮೊದಲೇ ಇರುವ ರೋಗಗಳಿಗೆ ಆ ವಿಮೆ ಸಲ್ಲುವುದೋ ಇಲ್ಲವೋ ಎಂಬುದನ್ನು ಸಣ್ಣ ಅಕ್ಷರಗಳಲ್ಲಿ ಓದಿ ನೋಡಬೇಕು. ನಮ್ಮ ವಯಸ್ಸಿನವರಿಗೆ ಮುಖ್ಯವಾದುದು ಅದೇ. ಕಾರು ನಡೆಸುವವರು ಊರಿನ ಲೈಸೆನ್ಸಿನ ಜೊತೆಗೆ ಸಾರಿಗೆ ಕಚೇರಿಯಿಂದ ಅಂತರರಾಷ್ಟ್ರೀಯ ಪರವಾನಗಿಯನ್ನು ಪಡೆಯಬೇಕು. ಅದು ಒಂದು ವರ್ಷ ಸಲ್ಲುವುದು. ನಮ್ಮ ಮನೆಯಲ್ಲಿ ಆ ಅರ್ಜಿಯನ್ನು ತುಂಬಿದವರು ಯಜಮಾನರು; ಹೆಸರು ಮಾತ್ರ ಗೃಹಿಣಿಯವರದು. ತಮ್ಮ ಹೆಸರಿಗೂ ಒಂದಿರಲೆಂದು ಅವರು ಕೇಳಲಿಲ್ಲ. ಬಾಡಿಗೆಯ ಕರಾರಿನಲ್ಲಿ ಹೆಸರಿಲ್ಲದವರು ಕಾರು ನಡೆಸುವಂತಿಲ್ಲ. ಆಸೆಗೆ ಎಡೆಯಿಲ್ಲದಂತಾದುದೇ ಒಳ್ಳೆಯದೆಂದು ಅವರೇ ಹೇಳಿದರು.

ಅಲ್ಲಿ ನಡುಹಗಲಿನಲ್ಲಿಯೂ ಕಾರಿನ ದೀಪಗಳು ಉರಿಯುತ್ತಿರಬೇಕು. ಊರಿನೊಳಗೆ ಗಂಟೆಗೆ 50, ಹೊರಗೆ 80 ಕಿಲೋಮೀಟರು ಸಾಮಾನ್ಯವಾದ ಮಿತಿ. ಮೀರಿದರೆ ದಂಡ ಬಲು ಭಾರಿ. ಬಲಗಡೆಯಿಂದ ಬರುವವರಿಗೆ ಬಹಳ ಕಡೆ ಮೊದಲು ದಾರಿ ಬಿಡಬೇಕು. ಕುರಿಗಳೂ ಹಿಮಸಾರಂಗಗಳೂ ರಸ್ತೆಯನ್ನು ತಮ್ಮದೆಂದೇ ತಿಳಿದಿರುವುವಂತೆ; ದನಗಳ ನಡುವೆ ಕಾರು ನಡೆಸಿ ಬಲ್ಲ ನಮಗೆ ಇದೊಂದೇ ಪೂರ್ವಪರಿಚಿತವಾದ ವಿಷಯ. 2024ರಲ್ಲಿ ಅಲ್ಲಿ ಮಾರಿದ ಹೊಸ ಕಾರುಗಳಲ್ಲಿ ನೂರಕ್ಕೆ ಸುಮಾರು 89 ವಿದ್ಯುತ್ತಿನವು. ಆದುದರಿಂದ ದಾರಿಯುದ್ದಕ್ಕೂ ವಿದ್ಯುತ್ತನ್ನು ತುಂಬಿಸಿಕೊಳ್ಳುವ ಅನುಕೂಲ ಚೆನ್ನಾಗಿದೆ. ನಾವು ಗೇರು ಬದಲಾಯಿಸುವ ಕೆಲಸವಿಲ್ಲದ ಅಂತಹ ಒಂದು ಸಣ್ಣ ಕಾರನ್ನೇ ಗೊತ್ತುಮಾಡಿರುವೆವು.

ಹೋಟೆಲಿನ ಊಟ ಬಲು ತುಟ್ಟಿಯಾದುದರಿಂದ ಅಡಿಗೆಮನೆಯಿರುವ ಕುಟೀರಗಳನ್ನೇ ಹುಡುಕಿದೆವು. ಅವಲಕ್ಕಿ, ಹುಳಿಪುಡಿ, ಚಟ್ನಿಪುಡಿ, ಹುರಿದ ರವೆ ನಮ್ಮ ಜೊತೆಗೆ ಬರುವುವು. ಯೂರೋಪಿನ ಹೊರಗಿನಿಂದ ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲವಾದುದರಿಂದ ತುಪ್ಪವನ್ನು ಬಿಡಬೇಕಾಯಿತು. ಅಲ್ಲಿಯೇ ಬೆಣ್ಣೆಯನ್ನು ಕೊಂಡು ಕಾಯಿಸಿಕೊಂಡರಾಯಿತು. ದಾರಿಯಲ್ಲಿ ಬುತ್ತಿಯನ್ನು ಬಿಚ್ಚಲು ಯಾರ ಅಪ್ಪಣೆಯೂ ಬೇಕಾಗಿಲ್ಲ: ಸಾಗುವಳಿಯಿಲ್ಲದ ನೆಲದಲ್ಲಿ ಯಾರು ಬೇಕಾದರೂ ನಡೆಯಬಹುದು, ಕುಳಿತುಕೊಳ್ಳಬಹುದೆಂಬ ಹಳೆಯ ರೂಢಿಯನ್ನು ಅವರು 1957ರಲ್ಲಿ ಕಾನೂನಾಗಿಯೇ ಬರೆದಿಟ್ಟಿರುವರು. ಬೇಸಿಗೆಯೆಂದರೂ ಉತ್ತರದಲ್ಲಿ ಹತ್ತು ಹದಿನೈದು ಡಿಗ್ರಿಗಳ ತಂಪು. ಉಣ್ಣೆಯ ಬಟ್ಟೆಯನ್ನು ಮರೆಯುವಂತಿಲ್ಲ.

ಕಣ್ಣಿನ ಔಷಧದ ವಿಷಯದಲ್ಲಿ ಒಂದು ವಿನೋದವಾದ ಪ್ರಶ್ನೆ ಎದ್ದಿತು. 'ರಾತ್ರಿ ಒಂದು ತೊಟ್ಟು' ಎಂದು ಚೀಟಿಯಲ್ಲಿದೆ. ರಾತ್ರಿಯೇ ಇಲ್ಲದ ಊರಿನಲ್ಲಿ ಯಾವಾಗ ಹಾಕುವುದು? ವೈದ್ಯರು ನಕ್ಕು, ಗಡಿಯಾರವನ್ನು ನೋಡಿ ಹಾಕಿರೆಂದರು. ಬೇಸಿಗೆಯಲ್ಲಿ ನಾರ್ವೆಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಹಿಂದೆ. ಸೂರ್ಯನು ಕಿಟಕಿಯಲ್ಲಿ ನಿಂತಿದ್ದರೂ ಒಂಬತ್ತು ಹೊಡೆದೊಡನೆ ಗೃಹಿಣಿಯವರು ಸೀಸೆಯನ್ನು ಹಿಡಿದು ಬರುವರೆಂಬುದರಲ್ಲಿ ಸಂದೇಹವಿಲ್ಲ. ಒಡೆಯದ ಸೀಸೆಗಳನ್ನು ತಣ್ಣಗಿಡಲು ಒಂದು ಪುಟ್ಟ ಚೀಲವನ್ನು ಕೊಂಡಿರುವೆವು. ವೈದ್ಯರ ಚೀಟಿಯೊಡನೆ ಅದು ಕೈಚೀಲದಲ್ಲಿಯೇ ಬರುವುದು.

ಇಷ್ಟೆಲ್ಲ ಮಾಡಿದ ಮೇಲೆ ನಮಗೆ ತಿಳಿದುಬಂದ ಒಂದು ಮಾತನ್ನು ಹೇಳುವೆವು. ಗಂಡಹೆಂಡಿರು ಕೂಡಿ ಮಾಡುವ ಯೋಜನೆಯಲ್ಲಿ ಬಲವುಳ್ಳವರ ಉತ್ಸಾಹವನ್ನು ಅಳತೆಗೋಲಾಗಿಟ್ಟುಕೊಂಡರೆ ಇನ್ನೊಬ್ಬರು ಹೊರೆಯಾಗುವರು. ಕುಂದಿದ ಶಕ್ತಿಯನ್ನು ಮೊದಲ ಸಾಲಿನಲ್ಲಿ ಬರೆದುಕೊಂಡು, ಅದಕ್ಕೆ ಒಪ್ಪುವಂತೆ ದಾರಿಯನ್ನು ಕತ್ತರಿಸಿದರೆ ಹೊರೆಯೆಂಬ ಮಾತೇ ಹುಟ್ಟದು. ನಮ್ಮ ದಾರಿ ನಾಲ್ಕು ಸಾವಿರದಿಂದ ಮೂರು ಸಾವಿರಕ್ಕೆ ಇಳಿಯಿತು. ದಿನಗಳು ಹದಿನೆಂಟರಿಂದ ಇಪ್ಪತ್ತೆಂಟಕ್ಕೆ ಏರಿದುವು. ಕಡಮೆಯಾದುದು ದೂರ, ಹೆಚ್ಚಾದುದು ನಾವು ಜೊತೆಯಲ್ಲಿರುವ ಹೊತ್ತು. ಉಳಿದಿರುವ ನೋಟವನ್ನು ಯಾವುದಕ್ಕೆ ವೆಚ್ಚಮಾಡಬೇಕೆಂಬುದನ್ನು ಯಜಮಾನರು ಈಗ ಚೆನ್ನಾಗಿ ಬಲ್ಲರು. ಅದು ರಸ್ತೆಯ ಬಿಳಿಯ ಗೆರೆಗಲ್ಲ.

ಒಂದು ಒಪ್ಪಂದವನ್ನೂ ಮಾಡಿಕೊಂಡಿರುವೆವು. ನಡೆಸುವವರಿಗೆ ದಣಿವಾದರೆ, ನೋಡುವವರಿಗೆ ಕಣ್ಣು ನೊಂದರೆ, "ಸಾಕು" ಎಂದ ಕೂಡಲೆ ಮುಂದೆ ಸಿಕ್ಕುವ ತಂಗುದಾಣದಲ್ಲಿ ಕಾರು ನಿಲ್ಲಬೇಕು, ಏಕೆಂದು ಕೇಳಕೂಡದು. ಗೃಹಿಣಿಯವರ ಪುಸ್ತಕದಲ್ಲಿ ಒಂದೊಂದು ದಿನಕ್ಕೆ ಒಂದೊಂದು ಪುಟವಿದೆ. ಅವುಗಳಲ್ಲಿ ಹನ್ನೆರಡು ಪುಟಗಳ ಮೇಲೆ ತಾರೀಖು ಮಾತ್ರ ಇದೆ. ಕೆಳಗೆ ಏನನ್ನೂ ಬರೆದಿಲ್ಲ. ಊರಿನ ಹೆಸರಿಲ್ಲದ ಆ ಪುಟಗಳನ್ನು ನೋಡಿ ನೆಂಟರು ಯೋಜನೆ ಇನ್ನೂ ಮುಗಿದಿಲ್ಲವೆಂದುಕೊಂಡರು. ನಮ್ಮ ಮಟ್ಟಿಗೆ ಅದು ಮುಗಿದಿದೆ.